ಬಂಕಿನ ದಶಮಾಂಶ

ಆಶಾರಾಣಿ ಮಾವಿನ ಮರದ ಬೊಡ್ಡೆಗೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಿರುವಾಗಲೇ ಕಪ್ಪಾದ ಹೂವು ಉದುರಿ ಅವಳ ತಲೆಯ ಮೇಲೆ, ಸೆರಗಿನ ಮೇಲೆ ಬಿತ್ತು. ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತಿದ್ದ ಭಾರತಮ್ಮ 'ಆಮೆನ್' ಅಂದವಳೇ ಕಣ್ಣು ಬಿಟ್ಟು, ಪಾಸ್ಟರಮ್ಮನ ಕೂದಲಿನಿಂದ ಅದನ್ನು ಮೆಲ್ಲಗೆ ಹೆಕ್ಕಿ ತೆಗೆದಳು.

"ಈಗ ಕೆಲವು ವರ್ಷದಿಂದ ಹಿಂಗೇ ಕಣಮ್ಮ. ಸಂಕ್ರಾಂತಿ ಆದ್ಮೇಲೆ ಮಳೆ ಹೊಡೀತದೆ. ಅದರ ಹಿಂದೇನೇ ಬೆಂಕಿಯಂಥ ಬಿಸಿಲು. ಪೂತ ನಿಲ್ಲೋದಾದ್ರೂ ಹೆಂಗೆ, ಹೂವೆಲ್ಲ ಕರ್ರಗಾಗಿ ಉದುರ್ತದೆ. ನೀವು ಕೈಯಿಟ್ಟು ಪ್ರಾರ್ಥನೆ ಮಾಡಿದ್ರೆ ಒಂದ್ನಾಕು ಕಾಯಾದ್ರೂ ಕಚ್ತದೇನೋ ಅಂದ್ಕಂಡೆ."

ಆ ಮಾತಿನಲ್ಲಿ ದೂರು ಇರಲಿಲ್ಲ. ಇಲ್ಲದ್ದೇ ಆಶಾರಾಣಿಗೆ ಹೆಚ್ಚು ಚುಚ್ಚಿತು. ಗಂಡನಿಲ್ಲದ ಹೆಂಗಸು, ಬೈರಕೂರಿನ ಹೊರಗೆ ಹತ್ತಿಪ್ಪತ್ತು ಮರ ಬಿಟ್ಟರೆ ಬೇರೆ ಆಸರೆಯಿಲ್ಲ. ಆದರೂ ಪಾಸ್ಟರಮ್ಮ ಬಂದಿದ್ದಾರೆಂದು ಕಾಫಿ ಕಾಯಿಸಿ, ಸ್ಟೀಲ್ ಲೋಟವನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು.

ನಂಗಲಿಗೆ ವಾಪಸು ಬಂದ ಆಶಾರಾಣಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸಲು ತಾನು ಪಾಸ್ಟರಾಗಿದ್ದ ಚರ್ಚಿನ ಪಕ್ಕದ ಬಂಕಿನಲ್ಲಿ ನಿಂತಳು. ಬಂಕ್ ಇದ್ದದ್ದು ಚರ್ಚಿನ ಜಾಗದಲ್ಲೇ. ಗಡಿ ದಾಟಿದರೆ ಆಂಧ್ರದಲ್ಲಿ ಡೀಸೆಲ್ ದುಬಾರಿ, ಹಾಗಾಗಿ ಹೆದ್ದಾರಿಯ ಲಾರಿಗಳೆಲ್ಲ ಇಲ್ಲೇ ಟ್ಯಾಂಕು ತುಂಬಿಸಿಕೊಳ್ಳಲು ಸಾಲುಗಟ್ಟುತ್ತಿದ್ದವು. ಬಂಕಿನ ಬಾಡಿಗೆಯಿಂದಲೇ ಚರ್ಚಿನ ಹಿಂದಿದ್ದ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಯುತ್ತಿತ್ತು. ಈ ಊರಿಗೆ ವರ್ಗವಾಗಿ ಬಂದಾಗಿನಿಂದ ಅವಳು ದಿನಾ ನೋಡುತ್ತಿದ್ದ ಬಂಕು ಅದು. ಅವತ್ತು ಮಾತ್ರ, ಸೆರಗಿನ ಮಡಿಕೆಯಿಂದ ಇನ್ನೊಂದು ಕರಿ ಹೂವು ಜಾರಿ ಎಣ್ಣೆಯ ಕಲೆಯ ಮೇಲೆ ಬಿದ್ದಾಗ, ಅವಳು ಬಗ್ಗಿ ಅದನ್ನು ಹೆಕ್ಕಿಕೊಂಡಳು. ಯಾವ ಬಾಯಲ್ಲಿ ಪ್ರಾರ್ಥನೆ ಮಾಡಿ ಬಂದೆ ಎಂದು ತನ್ನನ್ನೇ ಕೇಳಿಕೊಂಡಳು.

ಬಂಕಿನ ಕರಾರು ಆ ಮಾರ್ಚಿಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸುವ ವಿಷಯ ಚರ್ಚಿನ ಕಮಿಟಿಯ ಮುಂದೆ ಬಂದ ದಿನ ಆಶಾರಾಣಿ ಎದ್ದು ನಿಂತು ಬೇಡ ಅಂದಳು.

"ದೇವರು ಮೊದಲನೇ ಮನುಷ್ಯನ್ನ ತಂದು ಒಂದು ತೋಟದಲ್ಲಿ ಇಟ್ಟ. ಯಾಕೆ? ಅದನ್ನ ಕಾಯೋಕೆ. ಭೂಮಿ ಆತನದು, ನಾವು ಕಾವಲಿನೋರು. ನೆಲದಡಿಯ ಎಣ್ಣೆ, ಕಲ್ಲಿದ್ದಲು ಉರಿಸಿ ಉರಿಸಿ ಆಕಾಶ ಕಾದಿದೆ ಅಂತ ಈಗ ಎಲ್ಲಾರಿಗೂ ಗೊತ್ತು. ಬೈರಕೂರಲ್ಲಿ ಹೂವು ಉದುರ್ತಾ ಇದೆ. ನಾವು ಒಂದು ಕೈಯಲ್ಲಿ ಬಾಡಿಗೆ ತಗೊಂಡು ಇನ್ನೊಂದು ಕೈಯನ್ನ ಮರದ ಮೇಲಿಟ್ಟು ಪ್ರಾರ್ಥನೆ ಮಾಡಿದ್ರೆ ದೇವರು ಯಾವ ಕೈ ನೋಡ್ತಾನೆ? ಬೇರೆ ದೇಶದ ಎಷ್ಟೋ ಕ್ರೈಸ್ತ ಸಭೆಗಳು ಎಣ್ಣೆ ಕಂಪನಿಗಳಲ್ಲಿ ಹಾಕಿದ್ದ ದುಡ್ಡನ್ನ ವಾಪಸ್ ತಗೊಂಡಿವೆ. ನಮ್ಮ ಹತ್ರ ಅಂಥಾ ದುಡ್ಡಿಲ್ಲ. ಇರೋದು ಈ ಜಾಗ ಒಂದೇ."

ಕಾರ್ಯದರ್ಶಿ ಕದಿರಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ನಿಮ್ಮ ಸ್ಕೂಟರ್‌ಗೆ ಏನ್ ಹಾಕಿಸ್ತೀರಮ್ಮ?"

"ಪೆಟ್ರೋಲೇ. ಉರಿಸೋ ಪಾಪ ನಂದೂ ಇದೆ. ಆದ್ರೆ ಅದೇ ಉರೀಲಿ ದೇವರ ಮನೆಯೋರು ಚಳಿ ಕಾಯಿಸ್ಕೊಂಡು ಕೂರೋದು ಬೇರೆ."

"ನಾವು ತೆಗೆದ್ರೆ ಲಾರಿಗಳು ನಿಂತೋಗ್ತವಾ?"

"ನಿಲ್ಲಲ್ಲ."

ಕದಿರಪ್ಪ ಕನ್ನಡಕ ಮತ್ತೆ ಹಾಕಿಕೊಂಡ. ಬಾಗಿಲ ಬಳಿ ಕುಳಿತಿದ್ದ ಹಾಸ್ಟೆಲಿನ ವಾರ್ಡನ್ ಶಾಮಲಮ್ಮ ಬಾಯಿ ತೆರೆದಳು. "ನಂದೊಂದೇ ಮಾತು ಪಾಸ್ಟ್ರಮ್ಮ. ಬಂಕ್ ಇಲ್ಲಾಂದ್ರೆ ನನ್ನ ಮಕ್ಕಳು ಏನ್ ತಿನ್ತಾರೆ?"

ಆಗ ಎದ್ದವನು ಮುರಳಿಮೋಹನ್. ವಡ್ಡಹಳ್ಳಿಯಲ್ಲಿ ಟೊಮೆಟೊ ಮಂಡಿ ಇಟ್ಟಿದ್ದ ಆತ ಕಮಿಟಿಯಲ್ಲಿ ಎಲ್ಲರಿಗಿಂತ ಅನುಕೂಲಸ್ಥ. ಅವನು ವಿರೋಧಿಸುತ್ತಾನೆಂದೇ ಆಶಾರಾಣಿ ಎಣಿಸಿದ್ದಳು. "ಪಾಸ್ಟ್ರಮ್ಮನ ಬಾಯಲ್ಲಿ ದೇವರೇ ಮಾತಾಡಿದ್ದಾನೆ," ಎಂದ ಅವನು. "ಹಾಸ್ಟೆಲ್ ನಡೆಸೋದು ಸಭೆಯ ಕೆಲಸ, ಬಂಕಿನದಲ್ಲ. ಅಕ್ಕಿ ಮೂಟೆ ನಾನು ಕಳಿಸ್ತೀನಿ. ನೀವೂ ಒಬ್ಬೊಬ್ಬರು ಒಂದೊಂದು ಹೊತ್ಕೊಳ್ಳಿ. ನಮಗೆ ಅಷ್ಟೂ ನಂಬಿಕೆ ಇಲ್ವಾ?"

ಒಬ್ಬೊಬ್ಬರಾಗಿ ಕೈಗಳು ಮೇಲೆದ್ದವು. ಕೊನೆಗೆ ಕದಿರಪ್ಪನದೂ. ಶಾಮಲಮ್ಮ ಕಮಿಟಿಯವಳಲ್ಲ, ಅವಳಿಗೆ ಕೈ ಎತ್ತುವ ಹಕ್ಕಿರಲಿಲ್ಲ. ಮೀಟಿಂಗ್ ಮುಗಿದ ಮೇಲೆ ಆಶಾರಾಣಿ ಮುರಳಿಮೋಹನ್‌ನ ಎರಡೂ ಕೈ ಹಿಡಿದು ಕಣ್ಣೀರು ಹಾಕಿದ್ದಳು.

ಬೇಸಿಗೆಯಲ್ಲಿ ಬಂಕು ಹೋಯಿತು. ಕ್ರೇನು ಬಂದು ನೆಲದಡಿಯ ಟ್ಯಾಂಕುಗಳನ್ನು ಎತ್ತುವಾಗ ಹಾಸ್ಟೆಲಿನ ಹುಡುಗಿಯರು ಗೋಡೆ ಹತ್ತಿ ನೋಡಿದರು. ಹಳ್ಳ ಮುಚ್ಚಿದರೂ ಮಣ್ಣಿನ ವಾಸನೆ ಹೋಗಲಿಲ್ಲ. ಮೊದಮೊದಲು ಚರ್ಚಿನ ಸಭೆಯವರು ಪೈಪೋಟಿಯ ಮೇಲೆ ತಂದುಕೊಟ್ಟರು. ರಾಗಿ, ಅವರೆ, ತರಕಾರಿ ಎಲ್ಲ ಬಂತು. ಮಳೆಗಾಲದ ಹೊತ್ತಿಗೆ ತರುವವರು ಕಮ್ಮಿಯಾದರು. ಅವರಿಗೂ ಮನೆಗಳಿದ್ದವು, ಆ ವರ್ಷ ಮಾವು ಯಾರ ಕೈಯನ್ನೂ ಹಿಡಿದಿರಲಿಲ್ಲ. ಮುರಳಿಮೋಹನ್‌ನ ಅಕ್ಕಿ ಮೂಟೆ ಮಾತ್ರ ತಪ್ಪದೆ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಸಾರು ದಿನದಿಂದ ದಿನಕ್ಕೆ ತಿಳಿಯಾಯಿತು. ಆಶಾರಾಣಿ ಹಾಸ್ಟೆಲಿಗೆ ಹೋದರೆ ಶಾಮಲಮ್ಮ ಅಡುಗೆಮನೆಯ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ನಿಲ್ಲುತ್ತಿದ್ದಳು, ಅಷ್ಟೇ.

ಅದೇ ಸಮಯಕ್ಕೆ ರಸ್ತೆಯ ಆಚೆ ಬದಿ, ಚರ್ಚಿಗೆ ಸರಿಯಾಗಿ ಎದುರು, ಜೆಸಿಬಿ ಕೆಲಸ ಶುರುವಾಯಿತು. ಯಾರೋ ಡಾಬಾ ಕಟ್ಟುತ್ತಾರೆ ಅಂದರು. ಟ್ಯಾಂಕು ಇಳಿಸುವ ಹಳ್ಳ ನೋಡಿದಾಗ ಆಶಾರಾಣಿಗೆ ಅದು ಬಂಕೇ ಎಂದು ಅರ್ಥವಾಯಿತು. ಜಾಗ ಯಾರದೆಂದು ಕೇಳಿದ್ದಕ್ಕೆ ಕದಿರಪ್ಪ ಅವಳ ಮುಖ ನೋಡದೆ, "ರಂಜಿತಮ್ಮನ ಹೆಸರಲ್ಲಿದೆ" ಎಂದ. ರಂಜಿತ ಮುರಳಿಮೋಹನ್‌ನ ಹೆಂಡತಿ.

ಒಂದು ಸಂಜೆ ಮುರಳಿಮೋಹನ್ ತಾನೇ ಬಂದ, ಕೈಯಲ್ಲಿ ಸ್ವೀಟ್ ಡಬ್ಬಿ ಹಿಡಿದು.

"ಬರೋ ಗುರುವಾರ ಓಪನಿಂಗ್ ಪಾಸ್ಟ್ರಮ್ಮ. ನೀವೇ ಬಂದು ಪ್ರಾರ್ಥನೆ ಮಾಡ್ಬೇಕು."

ಆಶಾರಾಣಿ ಕುರ್ಚಿ ತೋರಿಸಲಿಲ್ಲ. "ಅವತ್ತು ಕಮಿಟಿಯಲ್ಲಿ ಎದ್ದು ನಿಂತು ಮಾತಾಡ್ದಾಗಲೇ ಇದು ಮನಸಲ್ಲಿತ್ತಾ?"

"ಯಾಕೆ ಸುಳ್ಳು ಹೇಳ್ಲಿ, ಇತ್ತು. ಬಂಕಿನೋನು ಮೊದಲೇ ನನ್ನ ಕೇಳಿದ್ದ, ಇಲ್ಲಿ ಖಾಲಿಯಾದ್ರೆ ಅಲ್ಲಿ ಕೊಡ್ತೀಯಾ ಅಂತ. ಆದ್ರೆ ನೀವು ಹೇಳಿದ್ದೂ ನಿಜ ತಾನೇ? ಸಭೆ ಆ ದುಡ್ಡಲ್ಲಿ ಬದುಕ್ಬಾರ್ದು ಅಂದ್ರಿ, ಒಪ್ಕೊಂಡೆ. ಇದು ಸಭೆಯ ಜಾಗ ಅಲ್ವಲ್ಲ, ನಂದು." ಡಬ್ಬಿಯನ್ನು ಮೇಜಿನ ಮೇಲಿಟ್ಟ. "ಹಾಸ್ಟೆಲ್ ಕಷ್ಟದಲ್ಲಿದೆ ಅಂತ ಗೊತ್ತು. ಬರೋದ್ರಲ್ಲಿ ದಶಮಾಂಶ ತಪ್ಪದೆ ಕೊಡ್ತೀನಿ. ಹತ್ತರಲ್ಲಿ ಒಂದು ದೇವರದು. ಅದನ್ನ ನೀವೇ ಕಲಿಸಿದ್ದು."

"ಡಬ್ಬಿ ತಗೊಂಡು ಹೋಗಿ ಮುರಳಿಯವ್ರೇ."

ಅವನಿಗೆ ಸಿಟ್ಟು ಬರಲಿಲ್ಲ. "ನಿಮಗೆ ಬೇಜಾರಾಗಿದೆ. ನಾನು ತಪ್ಪು ತಿಳ್ಕೊಳ್ಳಲ್ಲ," ಎಂದು ಡಬ್ಬಿ ಎತ್ತಿಕೊಂಡು ಹೋದ. ಅವನ ಮಾತಿನಲ್ಲಿ ಎಲ್ಲಿ ತಪ್ಪಿದೆಯೆಂದು ಹುಡುಕುತ್ತ ಆಶಾರಾಣಿ ದೀಪ ಹಚ್ಚದೆ ಕುಳಿತಿದ್ದಳು. ತಾನು ಹೇಳಿದ್ದರಲ್ಲಿ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲು ಅವಳಿಂದ ಆಗಲಿಲ್ಲ. ಆ ಮಾತುಗಳೇ ಸೇರಿ ಎದುರಿನ ಬಂಕನ್ನು ಕಟ್ಟಿದ್ದವು.

ಓಪನಿಂಗ್ ಪ್ರಾರ್ಥನೆಗೆ ಮುಳಬಾಗಿಲಿನಿಂದ ಬೇರೊಬ್ಬ ಪಾಸ್ಟರು ಬಂದರು. ಬ್ಯಾಂಡು ಬಾರಿಸಿದರು. ಸಭೆಯವರು ಬಹಳಷ್ಟು ಜನ ಹೋಗಿ ಊಟ ಮಾಡಿ ಬಂದರು.

ಅದಾದ ಮುಂದಿನ ತಿಂಗಳು ಒಂದು ಭಾನುವಾರ, ಕಾಣಿಕೆಯ ತಟ್ಟೆ ಸುತ್ತು ಮುಗಿಸಿ ಆಶಾರಾಣಿಯ ಕೈಗೆ ಬಂತು. ಚಿಲ್ಲರೆ, ಮಡಿಸಿದ ನೋಟುಗಳ ಮೇಲೆ ಒಂದು ದಪ್ಪ ಕವರ್ ಕುಳಿತಿತ್ತು. ಅದರ ಮೇಲೆ ಮುರಳಿಮೋಹನ್‌ನ ಹೆಸರು, ಕೆಳಗೆ 'ದಶಮಾಂಶ' ಎಂದು ಬರೆದಿತ್ತು. ತಟ್ಟೆಯನ್ನು ಮೇಲೆತ್ತಿ ಕಾಣಿಕೆಯನ್ನು ದೇವರಿಗೆ ಒಪ್ಪಿಸಬೇಕಾದ ಹೊತ್ತು. ಕೀಬೋರ್ಡಿನವನು ಹಾಡಿನ ಕೊನೆಯನ್ನು ಎಳೆದು ಎಳೆದು ಕಾದ. ಆಶಾರಾಣಿ ತಟ್ಟೆಯನ್ನು ಕೆಳಗಿಟ್ಟಳು. ಕವರನ್ನು ತೆಗೆದುಕೊಂಡು ಮೆಟ್ಟಿಲಿಳಿದು, ಮುಂದಿನ ಬೆಂಚಿನಲ್ಲಿದ್ದ ಮುರಳಿಮೋಹನ್‌ನ ಎದುರು ಹಿಡಿದಳು.

"ಇದನ್ನ ನಾನು ದೇವರಿಗೆ ಒಪ್ಪಿಸೋಕಾಗಲ್ಲ."

ಸಂಗೀತ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ, ಇದೇನಮ್ಮಾ" ಅಂದರು. ಮುರಳಿಮೋಹನ್ ಕವರ್ ಮುಟ್ಟಲಿಲ್ಲ. "ಕೊಟ್ಟಾಯ್ತು ಪಾಸ್ಟ್ರಮ್ಮ. ದೇವರಿಗೆ ಕೊಟ್ಟಿದ್ದು ವಾಪಸ್ ತಗೊಳ್ಳೋ ಪಾಪ ನಾನು ಮಾಡಲ್ಲ," ಎಂದು ತಲೆ ಬಾಗಿಸಿ ಕುಳಿತ. ಜನ ಅವನ ಕಡೆ ಕನಿಕರದಿಂದ ನೋಡಿದರು. ಆಶಾರಾಣಿಯ ಚಾಚಿದ ಕೈ ಹಾಗೇ ಇತ್ತು.

ಹುಡುಗಿಯರ ಸಾಲಿನಿಂದ ಶಾಮಲಮ್ಮ ಎದ್ದು ಬಂದಳು. ಮೊಣಕಾಲು ನೋವಿನ ಹೆಂಗಸು, ಬೆಂಚುಗಳನ್ನು ಒಂದೊಂದಾಗಿ ಹಿಡಿದು ನಿಧಾನವಾಗಿ ಬಂದು, ಆ ಕೈಯಿಂದ ಕವರನ್ನು ತೆಗೆದುಕೊಂಡಳು.

"ನಿಮ್ಮ ಮನಸ್ಸಾಕ್ಷಿ ಶುದ್ಧವಾಗಿ ಇಟ್ಕೊಳ್ಳಿ ಪಾಸ್ಟ್ರಮ್ಮ. ನಾನು ಬ್ಯಾಡ ಅನ್ನಲ್ಲ," ಎಂದಳು. ಎಲ್ಲರಿಗೂ ಕೇಳುವಷ್ಟು ಜೋರಾಗಿ ಏನೂ ಹೇಳಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಆದ್ರೆ ಅದಕ್ಕೋಸ್ಕರ ನನ್ನ ಮಕ್ಕಳು ಹಸ್ಕೊಂಡಿರಕ್ಕಾಗಲ್ಲ."

ಅವಳು ಕವರನ್ನು ಕುಪ್ಪಸದೊಳಗೆ ಸೇರಿಸಿ, ಬಂದಷ್ಟೇ ನಿಧಾನವಾಗಿ ತನ್ನ ಜಾಗಕ್ಕೆ ಹೋಗಿ ಕುಳಿತಳು. ಆಶಾರಾಣಿ ಮೆಟ್ಟಿಲು ಹತ್ತಿ ಉಳಿದ ಚಿಲ್ಲರೆಯನ್ನು ಮೇಲೆತ್ತಿ ಪ್ರಾರ್ಥಿಸಿದಳು. ಏನು ಹೇಳಿದೆನೆಂದು ಆಮೇಲೆ ಅವಳಿಗೇ ನೆನಪಿರಲಿಲ್ಲ. ಹೊರಗೆ ಹೋಗುವಾಗ ಅವಳ ಕೈ ಕುಲುಕಿದವರು ಕೆಲವರೇ. ಕದಿರಪ್ಪ ಹತ್ತಿರ ಬಂದು, "ಬಿಷಪ್ಪರಿಗೆ ದೂರು ಹೋಗ್ತದೆ. ತಡೆಯೋಕೆ ನನ್ನ ಕೈಲಾಗಲ್ಲ," ಎಂದು ತಿಳಿಸಿ ಹೋದ.

ಮರು ಭಾನುವಾರ ಮಧ್ಯಾಹ್ನ ಹಾಸ್ಟೆಲಿನಿಂದ ಕರೆ ಬಂತು. ಭಾನುವಾರದ ಊಟಕ್ಕೆ ಪಾಸ್ಟರೇ ಪ್ರಾರ್ಥನೆ ಮಾಡುವುದು ಅಲ್ಲಿಯ ರೂಢಿ. ಆಶಾರಾಣಿ ಹೋಗದೆ ಇರಬಹುದಿತ್ತು, ಹೋದಳು. ಶಾಮಲಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಮುನಿಸಿಲ್ಲದ ಮುಖ. "ಬನ್ನಿ, ಅನ್ನ ಆರೋಗ್ತದೆ," ಎಂದಳು.

ಹುಡುಗಿಯರು ಎರಡು ಸಾಲಾಗಿ ಚಾಪೆಯ ಮೇಲೆ ಕುಳಿತಿದ್ದರು. ತಟ್ಟೆಗಳಲ್ಲಿ ಬಿಸಿ ಅನ್ನ, ಗಟ್ಟಿ ಬೇಳೆ ಸಾರು, ಪ್ರತಿಯೊಬ್ಬಳ ಅನ್ನದ ಮೇಲೂ ಸುಲಿದ ಒಂದು ಮೊಟ್ಟೆ. ಸಾಲಿನ ತುದಿಯಲ್ಲಿ ಆಶಾರಾಣಿಗೂ ಒಂದು ತಟ್ಟೆ ಇಟ್ಟಿದ್ದರು. ಅವಳು ಅದರ ಮುಂದೆ ನಿಂತಿದ್ದನ್ನು ಕಂಡು ಹುಡುಗಿಯರೆಲ್ಲ ಕೈ ಜೋಡಿಸಿ, ಕಣ್ಣು ಮುಚ್ಚಿದರು. ಶಾಮಲಮ್ಮ ಸಾರಿನ ಸೌಟು ಹಿಡಿದೇ ತಲೆ ಬಾಗಿಸಿದಳು. ಅನ್ನದ ಆವಿ ಮೇಲೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಒಂದೇ ಕಣ್ಣು ತೆರೆದು, ಪ್ರಾರ್ಥನೆ ಯಾಕೆ ಇನ್ನೂ ಶುರುವಾಗಲಿಲ್ಲ ಅಂತ ಅವಳ ಮುಖ ನೋಡಿದಳು.