ಬಣ್ಣದಮ್ಮನ ಮೌನವ್ರತ

ಬಣ್ಣದ ಮನೆಯ ಹಿತ್ತಲಲ್ಲಿ ಬೆಳಕು ಹರಿಯುವ ಮೊದಲೇ ಹಂಡೆಗಳು ಕುದಿಯತೊಡಗುತ್ತಿದ್ದವು. ಮಾವ ನೂಲಿನ ಲಡಿಗಳನ್ನು ಕೋಲಿಗೆ ಏರಿಸಿ ಬಣ್ಣದಲ್ಲಿ ಅದ್ದುವರು, ಗಂಡುಮಕ್ಕಳಿಬ್ಬರು ಹಿಂಡಿ ಹಗ್ಗಕ್ಕೆ ಹಾಕುವರು, ಸೊಸೆಯರು ಒಣಗಿದ್ದನ್ನು ಬಿಡಿಸಿ ಜೋಡಿಸುವರು. ಆ ಮನೆಯವರ ಅಂಗೈ ನೋಡಿಯೇ ಇಂದು ಕೆಂಪೋ ನೀಲಿಯೋ ಎಂದು ಬೀದಿಯವರು ಹೇಳುತ್ತಿದ್ದರು. ಅತ್ತೆಯ ಕೈ ಮಾತ್ರ ಯಾವಾಗಲೂ ಸ್ವಚ್ಛ. ಅವರ ದುಡಿಮೆಯೆಲ್ಲ ಬಾಯಲ್ಲಿ.

ನಡುಮನೆಯ ಗೋಡೆಯ ಮೇಲೆ ಬಣ್ಣದಮ್ಮನ ಪಟವಿತ್ತು. ಎಷ್ಟೋ ತಲೆಮಾರುಗಳ ಹಿಂದೆ ಇದೇ ಮನೆಗೆ ಸೊಸೆಯಾಗಿ ಬಂದವಳು, ಹಂಡೆ ಕದಡುತ್ತ ಕದಡುತ್ತ ದೇವರ ಮೇಲೆ ಹಾಡು ಕಟ್ಟಿದವಳು. ಅಕ್ಷರ ಬಾರದ ಆ ತಾಯಿಯ ಹಾಡುಗಳನ್ನು ಈಗ ಪಂಡಿತರೂ ತಲೆದೂಗುತ್ತ ಹಾಡುತ್ತಾರೆ. ಮದುವೆಯಾದ ಮೊದಲ ವರ್ಷ ಆಕೆ ಒಂದು ಮಾತೂ ಆಡಲಿಲ್ಲವಂತೆ. ವರ್ಷ ತುಂಬಿದ ದಿನ ಬಾಯಿ ತೆರೆದರೆ ಹೊರಟದ್ದು ಹಾಡಂತೆ. ಅಂದಿನಿಂದ ಆ ಮನೆಗೆ ಬಂದ ಸೊಸೆಯರೆಲ್ಲ ಒಂದು ವರ್ಷ ಮೌನ ಹಿಡಿಯಬೇಕು. ಮುರಿದರೆ ಹಂಡೆ ಕೆಡುತ್ತದೆ, ನೂಲಿಗೆ ಬಣ್ಣ ಹತ್ತುವುದಿಲ್ಲ. ಬಂದುಹೋಗುವವರು "ಎಂಥ ಭಕ್ತಿಯ ಮನೆ" ಎಂದು ಕೈಮುಗಿಯುತ್ತಿದ್ದರು. ಹೊಸ ಸೊಸೆ ವರ್ಷಪೂರ್ತಿ ಎದುರಾಡದೆ ದುಡಿಯುವುದಾದರೆ ಯಾವ ಮನೆಯಲ್ಲಿ ತಾನೆ ಭಕ್ತಿ ಹೆಚ್ಚುವುದಿಲ್ಲ, ಹೇಳಿ.

ದೊಡ್ಡ ಸೊಸೆ ಆ ವರ್ಷವನ್ನು ದಾಟಿ ಬಂದವಳು. ಕಂಠ ಇಂಪಾಗಿದ್ದುದರಿಂದ ಸಂಜೆ ಪಟದ ಮುಂದೆ ಹಾಡುವ ಪಾಲು ಅವಳದೇ. ಈಗ ಸರದಿ ಚಿಕ್ಕವಳದು. ದರ್ಜಿಯ ಮಗಳು, ತವರಿನಲ್ಲಿ ಅವಳನ್ನು ಗಿಳಿ ಎಂದೇ ಕರೆಯುತ್ತಿದ್ದರು. ಹೆಣ್ಣು ನೋಡಲು ಹೋದ ದಿನ ಬಾಯಿಬಡುಕಿ ಅತ್ತೆಯನ್ನೂ ಮಾತಿನಲ್ಲಿ ಸೋಲಿಸಿದ್ದಳು. ಅಂಥವಳು ಈಗ ಉಪ್ಪು ಬೇಕಾದರೆ ಬೆರಳು ಉಜ್ಜಬೇಕು, ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ ಹಿಡಿಯಬೇಕು. ನೋಡಿದಾಗಲೆಲ್ಲ ದೊಡ್ಡವಳಿಗೆ ತನ್ನ ವ್ರತದ ವರ್ಷ ನೆನಪಾಗುತ್ತಿತ್ತು. ಆದರೂ ಸುಮ್ಮನಿದ್ದಳು. ಆ ಮನೆಯಲ್ಲಿ ಸುಮ್ಮನಿರುವುದನ್ನು ಕಲಿತವರು ವರ್ಷ ಮುಗಿದ ಮೇಲೂ ಮರೆಯುವುದಿಲ್ಲ.

ಒಂದು ದಿನ ಗಿಳಿ ಲಡಿ ಜೋಡಿಸುತ್ತಿದ್ದಲ್ಲೇ ಮಡಚಿಕೊಂಡು ಕೂತಳು. ಮೈ ಕಾದಿತ್ತು. ಅತ್ತೆ ಕೆಟ್ಟವರಲ್ಲ, ತಾವೇ ವೈದ್ಯರನ್ನು ಕರೆಸಿದರು.

"ಎಲ್ಲಿ ನೋಯುತ್ತಮ್ಮ?" ವೈದ್ಯರು ಕೇಳಿದರು.

"ಹೊಟ್ಟೇಲಿ ಡಾಕ್ಟ್ರೇ, ಅಜೀರ್ಣ," ಎಂದರು ಅತ್ತೆ.

"ಯಾವತ್ತಿಂದ?"

"ಇವತ್ತಿಂದಾನೇ. ನಿನ್ನೆ ಗುಂಡುಕಲ್ಲಿನ ಹಾಗಿದ್ಲು."

"ನಾನು ಅವರನ್ನ ಕೇಳಿದ್ದು."

"ಅವಳು ಬಣ್ಣದಮ್ಮನ ವ್ರತದಲ್ಲಿದಾಳೆ. ಅವಳ ಹೊಟ್ಟೆ ವಿಷಯ ನನಗೆ ಗೊತ್ತಿಲ್ವೇ?"

ಗಿಳಿ ಬಲಗಡೆ ಕೆಳಹೊಟ್ಟೆಗೆ ಬೆರಳು ತೋರಿಸಿದಳು. "ಕೈ ಅಲ್ಲೇ ಇಟ್ಕೊಳ್ಳೋದು ಅವಳ ಅಭ್ಯಾಸ," ಎಂದು ಅತ್ತೆ ಅದಕ್ಕೂ ಅರ್ಥ ಹೇಳಿಬಿಟ್ಟರು. ವೈದ್ಯರು ಹೊಟ್ಟೆ ಒತ್ತಿದಾಗ ಹುಡುಗಿ ತುಟಿ ಕಚ್ಚಿ ಹಿಡಿದಳು, ನರಳಿದರೂ ವ್ರತಭಂಗವಲ್ಲವೇ. ವೈದ್ಯರೂ ಬಣ್ಣದಮ್ಮನ ಭಕ್ತರೇ. ಅಜೀರ್ಣದ ಪುಡಿ ಕೊಟ್ಟು, ಪಟಕ್ಕೆ ಕೈಮುಗಿದು ಹೋದರು.

ಅವರು ಹೋದ ಮೇಲೆ ದೊಡ್ಡವಳು ಕೋಣೆಗೆ ಹೋಗಿ ಬಾಗಿಲು ಹಾಕಿದಳು. "ನನ್ನ ಹತ್ರ ಹೇಳೇ. ಯಾರಿಗೂ ಕೇಳಿಸಲ್ಲ."

ಗಿಳಿ ತಲೆಯಲ್ಲಾಡಿಸಿ ಹಿತ್ತಲಿನ ಕಡೆ ಕೈ ತೋರಿಸಿದಳು. ಹಂಡೆ ಕೆಡುತ್ತದೆ. ಮನೆಯವರ ಅನ್ನ ಹೋಗುತ್ತದೆ. ಜ್ವರದಲ್ಲೂ ಆ ಮಗು ಹೆದರಿದ್ದು ಅದಕ್ಕೆ.

ಸಂಜೆ ದೀಪ ಹಚ್ಚಿ ಎಲ್ಲರೂ ಪಟದ ಮುಂದೆ ಕೂತರು. ದೊಡ್ಡ ಸೊಸೆ ಹಾಡಿದಳು:

ಬಾಯಿಗೆ ಬೀಗವಿಟ್ಟರು ಮನೆಯವರು,
ಕುದಿವ ನೀರಿಗೆ ಹೇಳಿಕೊಂಡೆನು ನೋವ;
ನೀರು ಕೇಳಿತು, ನೀನೂ ಕೇಳಿದೆ ದೇವ,
ಕೇಳದೆ ಹೋದರು ನನ್ನ ಮನೆಯವರು.

ಇದೇ ಹಾಡನ್ನು ಅವಳು ಸಾವಿರ ಸಲ ಹಾಡಿರಬೇಕು. ಅಂದು ಮಾತ್ರ ಮುಂದಿನ ನುಡಿಗೆ ಹೋಗದೆ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಬೀಗ ಇಟ್ಟೋರು ಯಾರು?"

"ಇದೇನು ಹೊಸದಾಗಿ ಕೇಳ್ತೀಯ? ಬೀಗ ಅಂದ್ರೆ ಇಂದ್ರಿಯನಿಗ್ರಹ. ದೊಡ್ಡೋರು ಹೇಳಿಲ್ವೇ?"

"ನಿಗ್ರಹ ಆಗಿದ್ರೆ ನೋವು ಅಂತ ಯಾಕೆ ಹಾಡ್ತಿದ್ಲು? ಅವಳು ಮೌನ ಹಿಡೀಲಿಲ್ಲ ಅತ್ತೆ. ಅವಳನ್ನ ಮಾತಾಡೋಕೆ ಬಿಡಲಿಲ್ಲ. ಬಿಡದೇ ಇದ್ದೋರ ಹಾಗೆ ನಾವು ನಡ್ಕೋತೀವಿ, ಅವಳ ಪಟಕ್ಕೆ ದೀಪ ಹಚ್ತೀವಿ."

ಮಾವ ಕೆಮ್ಮಿದರು. "ತಲೆತಲಾಂತರದಿಂದ ಬಂದಿದ್ದು. ನೀನೂ ಮಾಡಿದೀಯ. ನಿನಗೇನಾಯ್ತು?"

ದೊಡ್ಡವಳು ನಿಧಾನವಾಗಿ ಹೇಳಿದಳು.

"ನನ್ನ ವ್ರತದ ವರ್ಷ ನಾನು ಬಸುರಿಯಾಗಿದ್ದೆ. ಒಂದಿನ ಮಗು ಅಲುಗಾಡೋದು ನಿಲ್ಲಿಸ್ತು. ನನಗೆ ಗೊತ್ತಾಯ್ತು. ನಿಮ್ಮ ಮುಂದೆ ಬಂದು ಹೊಟ್ಟೆ ಮುಟ್ಟಿ ಮುಟ್ಟಿ ತೋರಿಸ್ದೆ." ಅವಳು ಅತ್ತೆಯ ಮುಖ ನೋಡಿದಳು. "ಹಸಿವು ಅಂದ್ಕೊಂಡು ನೀವು ಅನ್ನ ಬಡಿಸಿದ್ರಿ."

ದೊಡ್ಡವಳು ಪಟದ ಮುಂದಿನಿಂದ ಎದ್ದು ನಿಂತಳು.

"ಗಿಳಿ ಬಾಯಿಬಿಟ್ಟು ಮಾತಾಡೋವರೆಗೂ ಈ ಮನೇಲಿ ನಾನು ಹಾಡಲ್ಲ. ಬಣ್ಣ ಕೆಟ್ಟರೆ ಕೆಡಲಿ, ಪಾಪ ನನಗಿರಲಿ." ಅವಳು ಮೈದುನನ ಕಡೆ ತಿರುಗಿದಳು. "ಎದ್ದೇಳಪ್ಪ, ಗಾಡಿ ತಗೊಂಡು ಬಾ. ದೊಡ್ಡಾಸ್ಪತ್ರೆಗೆ ಹೋಗೋಣ."

ಅಪ್ಪನ ಎದುರು ಎಂದೂ ತಲೆಯೆತ್ತದ ಆ ಕಿರಿಯ ಮಗ ಅಪ್ಪನ ಮುಖ ನೋಡದೆಯೇ ಎದ್ದು ಓಡಿದ.

ಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ಗಿಳಿ ನಿಂತಿದ್ದಳು; ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಕ್ಕ," ಎಂದಳು. ಬಳಸದೆ ತುಕ್ಕು ಹಿಡಿದ ದನಿ. "ಬಲಗಡೆ. ಮೊನ್ನೆಯಿಂದ. ತಡ್ಕೊಳ್ಳೋಕಾಗ್ತಿಲ್ಲ."

ಆಸ್ಪತ್ರೆಯ ಡಾಕ್ಟರಮ್ಮ ಉಳಿದವರನ್ನು ಹೊರಗೆ ಕಳಿಸಿ ಹುಡುಗಿಯನ್ನೇ ಕೇಳಿದರು. ಅವಳು ಹೇಳಿದಳು. ಅಪೆಂಡಿಕ್ಸ್ ಎಂಬ ಕರುಳಿನ ಬಾಲ ಬಾತು ಒಡೆಯುವ ಹಾಗಿತ್ತು. ತಕ್ಷಣ ಆಪರೇಷನ್ ಮಾಡಿ ತೆಗೆದರು. ಜೀವ ಉಳಿಯಿತು.

ಮಾರನೆಯ ದಿನ ಮಾವ ಆಸ್ಪತ್ರೆಗೆ ಬಂದರು. ಮೊಣಕೈವರೆಗೆ ನೀಲಿ. ನಿದ್ದೆ ಬಾರದೆ ಬೇಗನೆದ್ದು ಹಂಡೆಗೆ ಉರಿ ಹಚ್ಚಿದ್ದರಂತೆ. "ಬಣ್ಣ ಹತ್ತಿತು," ಎಂದರು ತಮ್ಮಷ್ಟಕ್ಕೇ. "ಎಂದಿನ ಹಾಗೇ ಹತ್ತಿತು." ಎಷ್ಟು ಹೆಣ್ಣುಮಕ್ಕಳ ಬಾಯಿ ಸುಮ್ಮಸುಮ್ಮನೆ ಮುಚ್ಚಿಸಿದೆವು ಎಂಬ ಲೆಕ್ಕ ಅವರಿಗಾಗಲೇ ಹತ್ತಿರಬೇಕು, ಸೊಸೆಯ ಮಂಚದ ಹತ್ತಿರ ಬಂದವರು ಅವಳ ಮುಖ ನೋಡಲಾರದೆ ಹೊದಿಕೆ ಸರಿಮಾಡಿ ಹೊರಟರು.

ಗಿಳಿಗೆ ಮಾತು ಮರಳಿತು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡೇ ಅಷ್ಟು ತಿಂಗಳ ಬಾಕಿ ತೀರಿಸತೊಡಗಿದಳು. ಸಾರಿಗೆ ಉಪ್ಪು ಸಾಲುತ್ತಿರಲಿಲ್ಲ, ಕೋಣೆಯ ಕಿಟಕಿ ಮುಚ್ಚುತ್ತಿರಲಿಲ್ಲ, ಗಂಡ ಗೊರಕೆ ಹೊಡೆಯುತ್ತಾನೆ. ಪಕ್ಕದ ಮಂಚದವರೂ ನಗುತ್ತಿದ್ದರು. ದೊಡ್ಡವಳು ಕಣ್ಣೊರೆಸಿಕೊಂಡು ನಕ್ಕಳು; ಎಷ್ಟೋ ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದ ಹಾಗಿತ್ತು.

ಗಿಳಿ ಮಾತಾಡುತ್ತಲೇ ನಿದ್ದೆಹೋದಳು. ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದುಬಂದು ದೊಡ್ಡ ಸೊಸೆಯ ಪಕ್ಕ ಕೂತರು. ಬಹಳ ಹೊತ್ತು ತಮ್ಮ ಸ್ವಚ್ಛವಾದ ಕೈಗಳನ್ನೇ ನೋಡಿಕೊಂಡರು.

"ಆ ವರ್ಷ ನೀನು ಇನ್ನೂ ಏನೇನು ಹೇಳಬೇಕಿತ್ತು?" ಎಂದು ಕೇಳಿದರು. "ಹೇಳಮ್ಮ. ನಾನು ನಡುವೆ ಮಾತಾಡಲ್ಲ."