ಹಸಿರು ಗಾಡಿಯಲ್ಲಿ ನೀಲಿ ಬಾವುಟ

ಫೆಬ್ರವರಿಯ ಮೊದಲ ಭಾನುವಾರ ಸಂಜೆ ನಾಲ್ಕೂವರೆಗೆ ನನ್ನ ಕಾರಿನ ಕ್ಲಚ್ ಕೈಕೊಟ್ಟಿತು. ಆರಕ್ಕೆ ಮತದಾನ ಮುಗಿಯುತ್ತದೆ. ಮತಗಟ್ಟೆ ಇದ್ದದ್ದು ಅಸೆರ್ರಿ ಪೇಟೆಯ ಶಾಲೆಯಲ್ಲಿ, ನಮ್ಮ ಮನೆಯಿಂದ ಎರಡು ಮೈಲಿ ಇಳಿಜಾರು. ಅಜ್ಜಿ ಎರ್ಸಿಲಿಯಾಗೆ ತೊಂಬತ್ತನಾಲ್ಕು. ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಕೋಸ್ಟರಿಕದ ಹೆಂಗಸರು ಮೊದಲ ಸಲ ಅಧ್ಯಕ್ಷರನ್ನು ಆರಿಸಿದಂದಿನಿಂದ ಆಕೆ ಒಂದು ಚುನಾವಣೆಯನ್ನೂ ತಪ್ಪಿಸಿರಲಿಲ್ಲ.

ಬೆಳಗ್ಗಿನಿಂದಲೇ ಇಸ್ತ್ರಿ ಮಾಡಿದ ಲಂಗ ತೊಟ್ಟು, ಗುರುತಿನ ಚೀಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಿಸಿಲು ಇಳಿದ ಮೇಲೆ ಹೋಗೋಣವೆಂದು ನಾನೇ ತಡೆದಿದ್ದೆ. ಹೊತ್ತು ಹೋಗಲೆಂದು ಅಧ್ಯಕ್ಷಗಿರಿಯ ಇಪ್ಪತ್ತು ಅಭ್ಯರ್ಥಿಗಳ ದನಿಯನ್ನೂ ಅನುಕರಿಸಿ ತೋರಿಸಿದ್ದೆ. ಅದರಲ್ಲಿ ಇಬ್ಬರದು ಬರೀ ಕೆಮ್ಮು. ಒಬ್ಬಳ ದನಿಯನ್ನು ಮಾತ್ರ ಅಜ್ಜಿ ಮತ್ತೆ ಮತ್ತೆ ಮಾಡಿಸಿದಳು. ಚೆನ್ನಾಗಿ ಮಾಡಿದೆನೆಂದು ನಾನು ಬೀಗಿದೆ.

ಈಗ ಬೀಗಲು ಏನೂ ಉಳಿದಿರಲಿಲ್ಲ. ಬೀದಿಯಲ್ಲಿ ಉಳಿದಿದ್ದದ್ದು ಪಕ್ಕದ ಮನೆಯ ದೊನ್ ಬೆಲಾರ್ಮಿನೊನ ಹಳೇ ಪಿಕಪ್ ಒಂದೇ. ಮತದಾನದ ದಿನ ಬಾವುಟ ಕಟ್ಟಿಕೊಂಡು, ಹಾರ್ನ್ ಬಾರಿಸುತ್ತ, ಯಾರ ಪಕ್ಷ ಎಂದು ಕೇಳದೆ ಎಲ್ಲರನ್ನೂ ಶಾಲೆಗೆ ಸಾಗಿಸುವುದು ನಮ್ಮೂರ ರೂಢಿ. ತೊಂದರೆಯೆಂದರೆ ಅವನದು ಹಸಿರು ಬಾವುಟ. ನಲವತ್ತೆಂಟರ ಅಂತರ್ಯುದ್ಧದಲ್ಲಿ ಅಜ್ಜಿಯ ಅಣ್ಣ ಸೋತ ನೀಲಿ ಬಾವುಟದವರ ಕಡೆ ಹೋರಾಡಿ ಸತ್ತಿದ್ದ. ಬೆಲಾರ್ಮಿನೊನ ಅಪ್ಪ ಗೆದ್ದವರ ಕಡೆ; ಹಸಿರು ಆಮೇಲೆ ಅವರ ಪಕ್ಷದ ಬಣ್ಣವಾಯಿತು. ಗೆದ್ದವರು ಸೈನ್ಯವನ್ನೇ ರದ್ದುಮಾಡಿದರು, ಬಂದೂಕು ಇಟ್ಟಿದ್ದ ಕೋಟೆ ವಸ್ತುಸಂಗ್ರಹಾಲಯವಾಯಿತು. ಸೈನ್ಯವಿಲ್ಲದ ದೇಶ, ದೈನ್ಯವಿಲ್ಲದ ಜನ ಎಂದು ನಾವೆಲ್ಲ ಎದೆಯುಬ್ಬಿಸುತ್ತೇವೆ. ಆದರೆ ಅಜ್ಜಿಯ ಎದೆಯೊಳಗೆ ಒಂದು ಸಣ್ಣ ಪಹರೆ ಇನ್ನೂ ನಿಂತೇ ಇತ್ತು.

"ಆ ಬಾವುಟದ ಕೆಳಗೆ ನಾ ಕೂರಲ್ಲ," ಎಂದಳು.

ನಾನು ಗೋಗರೆದೆ. ಐದೂ ಕಾಲಾಯಿತು. ಅವಳನ್ನು ಕರೆದೊಯ್ಯಲು ಬಂದಿದ್ದ ಬೆಲಾರ್ಮಿನೊ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಹೋಗಿ ಬಾವುಟದ ಕೋಲನ್ನು ಬಿಚ್ಚತೊಡಗಿದ.

"ಏ, ಏನ್ಮಾಡ್ತಿದೀಯ?" ಅಜ್ಜಿ ಊರುಗೋಲು ಎತ್ತಿದಳು.

"ನಿಮಗೋಸ್ಕರ, ದೋನ್ಯಾ ಎರ್ಸಿಲಿಯಾ," ಎಂದ ಗೌರವದಿಂದ. "ಇವತ್ತೊಂದಿನ ಇಲ್ದಿದ್ರೆ ಏನಂತೆ."

"ನನಗೋಸ್ಕರ ನೀನು ಬಾವುಟ ಇಳಿಸಿದ್ರೆ ನಾ ಹಾಕೋ ಮತಕ್ಕೆ ಏನು ಮರ್ಯಾದೆ? ಕಟ್ಟು ವಾಪಸ್."

ಆಮೇಲೆ ನನ್ನ ಕಡೆ ತಿರುಗಿ, ಪೆಟ್ಟಿಗೆಯ ತಳದಲ್ಲಿದ್ದ ಅಣ್ಣನ ನೀಲಿ ಬಾವುಟ ತರಲು ಹೇಳಿದಳು. ಅಂಚಿಗೆಲ್ಲ ನುಸಿ ತಿಂದಿತ್ತು. ಅದನ್ನು ಇನ್ನೊಂದು ಕಿಟಕಿಗೆ ಕಟ್ಟಿಸಿ, ಹಸಿರಿಗಿಂತ ಒಂದು ಗೇಣು ಮೇಲಿದೆಯೇ ಎಂದು ಕಣ್ಣು ಕಿರಿದುಮಾಡಿ ನೋಡಿ ಗಾಡಿ ಹತ್ತಿದಳು.

ಇಳಿಜಾರಿನುದ್ದಕ್ಕೂ ಬ್ರೇಕು ಕಿರುಚಿತು, ಜನ ಬಾಯಿ ಬಿಟ್ಟುಕೊಂಡು ನೋಡಿದರು. ಎರಡು ಬಣ್ಣ ಒಂದೇ ಗಾಡಿಯಲ್ಲಿ ಬಂದದ್ದನ್ನು ಅಸೆರ್ರಿ ಅದುವರೆಗೆ ಕಂಡಿರಲಿಲ್ಲ. ಶಾಲೆಯ ಮುಂದೆ ಎಲ್ಲ ಪಕ್ಷದವರೂ ಸರಿದು ದಾರಿ ಬಿಟ್ಟರು. ಯಾರೋ ಚಪ್ಪಾಳೆ ಶುರುಮಾಡಿದರು, ಅದು ಅಂಗಳದ ತುಂಬ ಹಬ್ಬಿತು. ಆರಕ್ಕೆ ಹನ್ನೊಂದು ನಿಮಿಷವಿದ್ದಾಗ ಅಜ್ಜಿ ಮತಪತ್ರವನ್ನು ಪೆಟ್ಟಿಗೆಗೆ ಹಾಕಿದಳು. ನನ್ನ ಕಣ್ಣು ಒದ್ದೆಯಾಗಿತ್ತು. ಅನುಕರಣೆಯಲ್ಲ, ನಿಜವಾದದ್ದೇ.

ಮರುದಿನ ಮತಗಟ್ಟೆವಾರು ಫಲಿತಾಂಶ ಫೋನಿನಲ್ಲಿ ಬಂತು. ಅಜ್ಜಿಯ ಮತಗಟ್ಟೆಯಲ್ಲಿ ನೀಲಿ ಪಕ್ಷಕ್ಕೆ ಬಿದ್ದ ಮತ ಸೊನ್ನೆ. ನಾನು ಎರಡು ಸಲ ನೋಡಿ, ತಡೆಯಲಾರದೆ ಅವಳಿಗೂ ತೋರಿಸಿದೆ.

ಅಜ್ಜಿ ಬೆಲ್ಲದ ನೀರನ್ನು ನಿಧಾನವಾಗಿ ಗುಟುಕರಿಸಿದಳು.

"ಬಾವುಟ ಅಣ್ಣಂದು ಕಣೋ. ಮತ ನಂದು."

ಹಾಗಾದರೆ ಯಾರಿಗೆ ಎಂದು ಕೇಳಿದ್ದಕ್ಕೆ, ಗುಟ್ಟಿನ ಮತ ಅಂತ ಶಾಲೆಯಲ್ಲಿ ಕಲಿಸಲಿಲ್ಲವೇ ಎಂದು ಗದರಿದಳು. ನಾನು ಗಂಟಲು ಸರಿಮಾಡಿಕೊಂಡು ಅವಳು ಮತ್ತೆ ಮತ್ತೆ ಮಾಡಿಸಿದ್ದ ಆ ಅಭ್ಯರ್ಥಿಯ ದನಿಯಲ್ಲಿ ಧನ್ಯವಾದ ಹೇಳಿದೆ. ಅಜ್ಜಿ ನಗು ತಡೆಯಲು ಲೋಟವನ್ನು ಮುಖಕ್ಕೆ ಅಡ್ಡ ಹಿಡಿದಳು.

ಆಮೇಲೆ ಬಾವುಟವನ್ನು ನುಸಿ ಹತ್ತದಂತೆ ಮಡಿಸಿಡಲು ಹೇಳಿದಳು. ಎರಡು ವರ್ಷಕ್ಕೆ ಪುರಸಭೆ ಚುನಾವಣೆ ಇದೆಯಂತೆ. ಅಷ್ಟರೊಳಗೆ ಬೆಲಾರ್ಮಿನೊ ಬ್ರೇಕು ಸರಿಮಾಡಿಸಿಕೊಳ್ಳಬೇಕಂತೆ.