ದೊಡ್ಡಮ್ಮ ಬಿಡಿಸಿ ಹೇಳಿದ ಎರಡು ಮಾತು

ನಮ್ಮ ದೊಡ್ಡಮ್ಮ ಡೋರ್ಕಸ್ ಲೆಡ್ಲಿಯ ಬಾಯಿಗೆ ವಿಟ್ಬಿ ಊರಿನ ಪಾದ್ರಿಯ ಹೆಂಡತಿ ಕೂಡ ಹೆದರುತ್ತಿದ್ದಳು. ದೊಡ್ಡಪ್ಪ ಮಥಾಯಸ್ ಲಂಡನ್ನಿಗೆ ಕಲ್ಲಿದ್ದಲು ಸಾಗಿಸುವ 'ಪೇಷನ್ಸ್' ಹಡಗಿನ ಕಪ್ತಾನ. ಮಕ್ಕಳಿಲ್ಲದ ದೊಡ್ಡಮ್ಮ ಹನ್ನೊಂದು ವರ್ಷ ಗಂಡನ ಜೊತೆ ಅದೇ ಹಡಗಿನಲ್ಲಿ ಸಂಸಾರ ಮಾಡಿದವಳು. ಮಂಡಿನೋವು ಹೆಚ್ಚಾದ ಮೇಲಷ್ಟೇ ದಡಕ್ಕೆ ಬಂದಳು. ಬರುವಾಗ ನಾವಿಕರ ಭಾಷೆಯನ್ನೆಲ್ಲ ಹೊತ್ತು ತಂದಳು. ಯಾವನಾದರೂ ಕುಡಿದು ತೂರಾಡಿದರೆ "ಮೂರು ಹಗ್ಗಾನೂ ಗಾಳಿಗೆ ಬಿಟ್ಟವ್ನೆ ನೋಡು" ಎನ್ನುತ್ತಿದ್ದಳು. ಹಾಯಿ ಬಿಗಿಯುವ ಹಗ್ಗ ಸಡಿಲಾದರೆ ಹಡಗು ಹಾಗೆಯೇ ತೂರಾಡುತ್ತದಂತೆ.

ನಾನು ಆಗ ಡಾಕ್ಟರ ಮನೆಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ನಾಜೂಕಿನ ಮಾತು ಕಲಿತ ಮೇಲೆ ಇವಳ ಜೊತೆ ಬೀದಿಗಿಳಿಯಲು ನಾಚಿಕೆಯಾಗುತ್ತಿತ್ತು.

"ದೊಡ್ಡಮ್ಮಾ, ಚರ್ಚಿನ ಬಾಗ್ಲಲ್ಲಾದ್ರೂ ಸುಮ್ನಿರೇ."

"ಯಾಕೇ? ಯೇಸುಸ್ವಾಮಿ ದೋಣಿ ಹತ್ತಿಲ್ವಾ? ಮೀನುಗಾರರ ಜೊತೆ ಏನು ಡಾಕ್ಟರ ಹೆಂಡ್ತಿ ಥರ ಮಾತಾಡ್ತಿದ್ನಾ?"

ಆ ವರ್ಷ ಮಾರ್ಚ್ ತಿಂಗಳ ಬಿರುಗಾಳಿಗೆ 'ಪೇಷನ್ಸ್' ನಾರ್ಫೋಕ್ ಕಡೆಯ ಮರಳುದಿಬ್ಬಕ್ಕೆ ಬಡಿದು ಒಡೆಯಿತು. ಏಳು ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ದೊಡ್ಡಪ್ಪನ ತಗಡಿನ ಪೆಟ್ಟಿಗೆ ಮಾತ್ರ ತೇಲಿ ದಡಕ್ಕೆ ಬಂತು. ಅದರೊಳಗೆ ಹಡಗಿನ ದಿನಚರಿ ಇತ್ತು. ದೊಡ್ಡಮ್ಮ ಅತ್ತದ್ದನ್ನು ನಾನು ನೋಡಲಿಲ್ಲ. ದೊಡ್ಡಪ್ಪನ ಉಣ್ಣೆಯ ಅಂಗಿಗಳನ್ನೆಲ್ಲ ಒಗೆದು, ಒಣಗಿಸಿ, ಮಡಿಸಿಟ್ಟಳು.

ಅಷ್ಟರಲ್ಲಿ ಹಡಗಿನ ಮಾಲೀಕ, ಕಪ್ತಾನ ಕುಡಿದು ಹಡಗು ಮುಳುಗಿಸಿದ ಎಂದು ದೂರು ಕೊಟ್ಟ. ಸಂತೆ ಕಟ್ಟಡದ ಮಹಡಿಯ ಕೋಣೆಯಲ್ಲಿ ವಿಚಾರಣೆ ನಡೆಯಿತು. ಮ್ಯಾಜಿಸ್ಟ್ರೇಟರು ಒಳನಾಡಿನ ಕುರಿಸೀಮೆಯ ಜಮೀನ್ದಾರರು, ಮಾಲೀಕನ ವಕೀಲ ಯಾರ್ಕ್ ಪಟ್ಟಣದವನು. ಹಿಂದಿನ ಬೆಂಚುಗಳ ತುಂಬ ನಮ್ಮ ಬಂದರಿನವರೇ ಇದ್ದರೂ ಕರೆಯದೆ ಯಾರೂ ಬಾಯಿ ಬಿಡುವಂತಿರಲಿಲ್ಲ.

ವಕೀಲ ದಿನಚರಿಯ ಕೊನೆಯ ಪುಟವನ್ನು ರಾಗವಾಗಿ ಓದಿದ: "ಎರಡೂ ಲಂಗರು ಬಿಟ್ಟಾಯಿತು. ಬಿಟರ್ ತುದಿಗೆ ಬಂದೆವು. ಎಡಗಡೆ ಸೈತಾನ ಬಾಯಿ ತೆರೆದಿದ್ದಾನೆ, ಅವನಿಗೆ ಕೊಡಲು ಏನೂ ಇಲ್ಲ." ಪುಸ್ತಕ ಮುಚ್ಚಿ ನಕ್ಕ. "ಬಿಟರ್ ಅಂದರೆ ಕಹಿ, ಮಗುವಿಗೂ ಗೊತ್ತು. ಕಹಿಯಾದ ಕೊನೆ ಬಂತು ಅಂತ ಕೈಚೆಲ್ಲಿ ಕೂತಿದ್ದಾನೆ ಸ್ವಾಮಿ. ಮೇಲಾಗಿ ಸೈತಾನ ಕಾಣಿಸಿದ್ದಾನೆ. ಕುಡಿದವನ ಕಣ್ಣಿಗಲ್ಲದೆ ಇನ್ಯಾರ ಕಣ್ಣಿಗೆ ಸೈತಾನ ಕಾಣಿಸ್ತಾನೆ?"

ನನ್ನ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಎದ್ದು ನಿಂತಳು. ನಾನು ಸೆರಗಿನಂತೆ ಜೋತಿದ್ದ ಅವಳ ಶಾಲು ಹಿಡಿದೆಳೆದೆ. ಅವಳು ಬಿಡಿಸಿಕೊಂಡಳು.

"ಸ್ವಾಮಿ, ನಾನು ಕಪ್ತಾನನ ಹೆಂಡ್ತಿ. ಈ ಮಹಾನುಭಾವರಿಗೆ ಓದೋಕೆ ಬರುತ್ತೆ, ಅರ್ಥ ಗೊತ್ತಿಲ್ಲ. ನನಗೆ ಓದೋಕೆ ಬರಲ್ಲ, ಅರ್ಥ ಗೊತ್ತು. ಹೇಳ್ಲಾ?"

"ಏನಮ್ಮಾ, ಇದು ಮೀನು ಮಾರೋ ಜಾಗ ಅಲ್ಲ" ಎಂದ ವಕೀಲ.

"ಗೊತ್ತು ಕಣಪ್ಪಾ. ಮೀನು ಸಂತೇಲಾಗಿದ್ರೆ ನಿನ್ನ ಮಾಲನ್ನ ಮೂಸಿ ನೋಡಿ ಆಗ್ಲೇ ವಾಪಸ್ ಕಳಿಸ್ತಿದ್ರು."

ಹಿಂದಿನ ಬೆಂಚುಗಳು ನಗೆಯಿಂದ ಅದುರಿದವು. ಮ್ಯಾಜಿಸ್ಟ್ರೇಟರು ಮೇಜು ತಟ್ಟಿದರು, ಆದರೆ ಅವರ ಮೀಸೆಯೂ ಅಲುಗಿತು. "ಹೇಳಮ್ಮ" ಎಂದರು.

"ಹಡಗಿನ ಮುಂಭಾಗದಲ್ಲಿ ಲಂಗರಿನ ಸರಪಳಿ ಬಿಗಿಯೋಕೆ ಎರಡು ದಪ್ಪ ಗೂಟ ಇರ್ತವೆ ಸ್ವಾಮಿ. ಅವಕ್ಕೆ ಬಿಟ್ ಅಂತೀವಿ. ಆ ಗೂಟದ ಕಡೆ ಉಳಿಯೋ ಸರಪಳಿಯ ತುದಿಯೇ ಬಿಟರ್ ತುದಿ. ಅದರಲ್ಲಿ ಕಹಿಯೂ ಇಲ್ಲ, ಸಿಹಿಯೂ ಇಲ್ಲ. ಬಿರುಗಾಳೀಲಿ ಸರಪಳಿ ಉದ್ದ ಬಿಟ್ಟಷ್ಟೂ ಲಂಗರು ಕಚ್ಕೊಂಡಿರುತ್ತೆ. ನನ್ನ ಗಂಡ ಕೊನೇ ಕೊಂಡಿವರೆಗೂ ಬಿಟ್ಟು ಹಡಗು ಹಿಡ್ಕೊಂಡಿದ್ದ. ಕೈಚೆಲ್ಲಿದವನು ಮಾಡೋ ಕೆಲಸಾನಾ ಅದು?"

"ಮತ್ತೆ ಸೈತಾನ?" ಮ್ಯಾಜಿಸ್ಟ್ರೇಟರು ಮುಂದಕ್ಕೆ ಬಾಗಿದರು.

"ಹಡಗಿನ ಮೇಲೆ ನಾವು ಓಡಾಡೋ ಅಟ್ಟದ ಹಲಗೆ ಪಕ್ಕದ ಗೋಡೆಗೆ ಸೇರೋ ಕಡೆ ಒಂದು ಉದ್ದ ಸಂದು ಇರುತ್ತೆ. ಅದರ ಹತ್ರ ಕೂತು ಕೆಲಸ ಮಾಡೋಕೆ ಜಾಗವೇ ಇಲ್ಲ. ಬೆನ್ನು ಮುರಿದವರೇ ಅದಕ್ಕೆ ಸೈತಾನ ಅಂತ ಹೆಸರಿಟ್ರು. ನಾರು ತುರುಕಿ, ಕಾದ ಡಾಂಬರು ಹುಯ್ದು ಮುಚ್ಚೋದಕ್ಕೆ 'ಸೈತಾನನಿಗೆ ಕೊಡೋದು' ಅಂತೀವಿ. ನಾನೇ ಕೂತು ಕೊಟ್ಟಿದ್ದೀನಿ, ಈ ಮಂಡಿ ಹೋಗಿದ್ದು ಅಲ್ಲೇ. ಆ ಸಂದು ಬಾಯಿ ಬಿಟ್ಟಿದೆ, ಮುಚ್ಚೋಕೆ ಡಾಂಬರಿಲ್ಲ ಅಂತ ಬರೆದವ್ನೆ. ಡಾಂಬರು ಯಾಕಿರಲಿಲ್ಲ ಅಂತ ಮಾಲೀಕರನ್ನ ಕೇಳಿ."

ಹಿಂದಿನಿಂದ, ಬಂದರಿನಲ್ಲಿ ಹಡಗು ರಿಪೇರಿ ಮಾಡುವ ಮುದಿ ಬಡಗಿ ಎಲಿಯಾಕಿಮ್ ಹಾರ್ಲಂಡ್, ಅಪ್ಪಣೆಗೂ ಕಾಯದೆ, ಕೂಗಿದ: "ಅವಳು ಹೇಳಿದ್ದು ಅಕ್ಷರಶಃ ನಿಜ ಸ್ವಾಮಿ! ಸಂದು ಸಡಿಲಾಗಿದೆ ಅಂತ ಹೊರಡೋ ಮುಂಚೆ ಕಪ್ತಾನನ ಎದುರಿಗೇ ಮಾಲೀಕರಿಗೆ ನಾನು ಹೇಳಿದ್ದೆ. ಬಂದ್ಮೇಲೆ ನೋಡೋಣ ಅಂದ್ರು."

ಮ್ಯಾಜಿಸ್ಟ್ರೇಟರು ಎಲಿಯಾಕಿಮ್‌ನಿಂದ ಪ್ರಮಾಣ ಮಾಡಿಸಿ ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿದರು. ಮಾಲೀಕನ ಮುಖ ಬಿಳಿಚಿಕೊಂಡಿತು. ಗುಮಾಸ್ತ ದೊಡ್ಡಮ್ಮನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಒಂದೊಂದೇ ಮಾತಿನ ಅರ್ಥ ಕೇಳಿ ಬರೆದುಕೊಂಡ. ನಾಲ್ಕನೆಯ ದಿನ ತೀರ್ಪು ಬಂತು. ಕಪ್ತಾನ ಮಥಾಯಸ್ ಲೆಡ್ಲಿ ಒಬ್ಬ ಒಳ್ಳೆಯ ನಾವಿಕ ಮಾಡಬೇಕಾದ್ದನ್ನೆಲ್ಲ ಮಾಡಿದ್ದಾನೆ, ಸಂದು ಸರಿಪಡಿಸದೆ ಹಡಗು ಕಳಿಸಿದ್ದು ಮಾಲೀಕನ ತಪ್ಪು ಎಂದಿತ್ತು.

ತೀರ್ಪು ಕೇಳಿ ನಾವಿಬ್ಬರೂ ಮೆಟ್ಟಿಲಿಳಿದು ಬಂದರಿಗೆ ಬಂದೆವು. ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ದೊಡ್ಡಮ್ಮ ಕಟ್ಟೆಯ ಮೇಲೆ ಕುಂಟುತ್ತ ನಡೆದಂತೆ ದಡದಲ್ಲಿ ನಿಂತ ಹಡಗುಗಳು ಒಂದೊಂದಾಗಿ ಬಾವುಟ ಅರ್ಧಕ್ಕಿಳಿಸಿ ಮತ್ತೆ ಏರಿಸಿದವು. ಎದುರು ಹಾದುಹೋಗುವ ದೊಡ್ಡ ಹಡಗಿಗೆ ನಾವಿಕರು ಸಲ್ಲಿಸುವ ಮರ್ಯಾದೆ ಅದು. ಹಗ್ಗ ರಾಟೆಯಲ್ಲಿ ಓಡುವ ಸದ್ದು ಮಾತ್ರ ಕೇಳುತ್ತಿತ್ತು.

ದೊಡ್ಡಮ್ಮ ನಿಂತಳು. ಅವಳ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ನಾನು ಎಲ್ಲರೆದುರು ಅವಳ ತೋಳಿಗೆ ತೋಳು ಸೇರಿಸಿ, ತಲೆಯೆತ್ತಿ ನಡೆದೆ.